ಹೊಟ್ಟೆಯಿಲ್ಲದ ನೆಂಟರು

ಮೀನಿನ ಹೆಸರು ಹೇಳಿದ್ದೇ ತಡ, ಮನೆಯಲ್ಲಿ ರಂಪ ಶುರುವಾಯಿತು. "ಏನು ಮೀನಂದೆ?" ಅಂದಳು ಅಮ್ಮ. "ಕೊಯ್ ಮೀನು" ಅಂದೆ. ಸೊಪ್ಪು ಸೋಸುತ್ತಿದ್ದ ಕೈ ಅಲ್ಲೇ ನಿಂತಿತು. "ಮೀನು ಕೊಯ್ಯೋದೇ? ಈ ಮನೇಲೇ? ರಿಟೈರಾದ ಮೇಲೆ ನಿನಗೆ ಇದೊಂದು ಬಾಕಿ ಇತ್ತು ನೋಡು!" ಕೊಯ್ಯುವುದಕ್ಕಲ್ಲ ಸಾಕುವುದಕ್ಕೆ, ಕೊಯ್ ಅನ್ನುವುದು ಜಪಾನಿ ಮಾತು, ಆ ಕಡೆ ಗೆಂಡೆ ಮೀನಿಗೆ ಹಾಗನ್ನುತ್ತಾರೆ ಎಂದು ತಿಳಿಹೇಳುವಷ್ಟರಲ್ಲಿ ಸೊಪ್ಪು ಬಾಡಿತ್ತು. ಆಮೇಲೂ ಅಮ್ಮ ಅವನ್ನು ಆ ಹೆಸರಿನಿಂದ ಕರೆಯಲಿಲ್ಲ. ಬೆಳಗ್ಗೆ ಎದ್ದು ದೇವರ ಮುಂದೆ ದೀಪ ಹಚ್ಚಿ ಬಂದವಳ ಬಾಯಲ್ಲಿ 'ಕೊಯ್ಯಿ' ಅನ್ನುವ ಮಾತು ಬರಬಾರದಂತೆ. "ನಿನ್ನ ನೆಂಟರು" ಅನ್ನುತ್ತಿದ್ದಳು. ಆ ಹೆಸರೇ ನಿಂತಿತು.

ನೆಂಟರ ಕುಲಗೋತ್ರವನ್ನೂ ಹೇಳಿಬಿಡುತ್ತೇನೆ. ಮೀನುಗಾರಿಕೆ ಇಲಾಖೆಯವರು ನಮ್ಮ ಕೆರೆಗಳಿಗೆ ಬಿಡುವ ಸಾಮಾನ್ಯ ಗೆಂಡೆ ಇದೆಯಲ್ಲ, ಅದೇ ಬಳಗದವು ಇವು. ಜಪಾನಿನ ನೀಗಾಟ ಪ್ರಾಂತ್ಯದ ಬೆಟ್ಟದೂರುಗಳಲ್ಲಿ ಭತ್ತ ಬೆಳೆಯುವ ರೈತರು, ಹಿಮ ಬಿದ್ದು ದಾರಿ ಮುಚ್ಚುವ ಚಳಿಗಾಲದ ಊಟಕ್ಕೆಂದು ಗೆಂಡೆ ಸಾಕಿಕೊಳ್ಳುತ್ತಿದ್ದರು. ಸುಮಾರು ಇನ್ನೂರು ವರ್ಷದ ಹಿಂದೆ ಆ ಕಪ್ಪು ಮೀನುಗಳ ನಡುವೆ ಅಲ್ಲೊಂದು ಕೆಂಪು, ಇಲ್ಲೊಂದು ಬಿಳಿ ಕಾಣಿಸಿತು. ರೈತರು ಅವನ್ನು ತಿನ್ನದೆ ಎತ್ತಿಟ್ಟರು, ತಳಿ ಬೆಳೆಸಿದರು. 1914ರಲ್ಲಿ ಟೋಕಿಯೋದಲ್ಲಿ ನಡೆದ ದೊಡ್ಡ ವಸ್ತುಪ್ರದರ್ಶನಕ್ಕೆ ಅವು ಹೋದ ಮೇಲೆ ಹೆಸರು ದೇಶವೆಲ್ಲ ಹಬ್ಬಿತು. ಅಲ್ಲಿಯವರು ಪೂರ್ತಿ ಹೆಸರಿನಲ್ಲಿ 'ನಿಶಿಕಿಗೊಯ್' ಅನ್ನುತ್ತಾರೆ. ನಿಶಿಕಿ ಅಂದರೆ ಜರತಾರಿ ಬಟ್ಟೆ. ಜರಿ ಉಟ್ಟ ಗೆಂಡೆ ಎಂದು ಅರ್ಥ. ಮೈಸೂರಿನಲ್ಲಿ ಹುಟ್ಟಿ ಬೆಳೆದ ಅಮ್ಮನಿಗೆ ಇದೊಂದು ಮಾತು ಮಾತ್ರ ಒಪ್ಪಿಗೆಯಾಯಿತು. "ಹಾಗನ್ನು, ಜರಿ ಸೀರೆ" ಅಂದಳು.

ಮನೆ ಕಟ್ಟಿಸುವಾಗ ಕ್ಯೂರಿಂಗಿನ ನೀರಿಗೆಂದು ಹಿತ್ತಿಲಲ್ಲಿ ಕಟ್ಟಿಸಿದ್ದ ಸಿಮೆಂಟು ತೊಟ್ಟಿ ಮೂವತ್ತು ವರ್ಷದಿಂದ ತೆಂಗಿನ ಗರಿ ಹಾಕಿಕೊಂಡು ಮಲಗಿತ್ತು. ಹತ್ತಡಿ ಉದ್ದ, ಆರಡಿ ಅಗಲ, ನಾಲ್ಕಡಿ ಆಳ. ಲೆಕ್ಕ ಹಾಕಿದರೆ ಸುಮಾರು 6,800 ಲೀಟರ್. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಕ್ಯಾಷಿಯರ್ ಆಗಿದ್ದವನಿಗೆ ಏನನ್ನು ಕಂಡರೂ ಮೊದಲು ಲೆಕ್ಕ. ತೊಟ್ಟಿ ತೊಳೆಸಿ, ಪಂಪು ಕೂರಿಸಿ, ಒಂದು ಡ್ರಮ್ಮಿಗೆ ಸ್ಪಂಜು, ಜಾಲರಿ ತುಂಬಿ ಫಿಲ್ಟರ್ ಮಾಡಿಸಿ, ಬೆಂಗಳೂರಿನ ಶಿವಾಜಿನಗರದಿಂದ ಎಂಟು ಮೀನು ತಂದೆ. ಅಂಗೈಯಷ್ಟು ಉದ್ದದವು ಎರಡು ವರ್ಷದಲ್ಲಿ ಮುಕ್ಕಾಲು ಮೊಳದಷ್ಟಾದವು. ಒಂದಕ್ಕೆ ಮೈಯೆಲ್ಲ ಬಿಳಿ, ನೆತ್ತಿಯ ಮೇಲೆ ಮಾತ್ರ ಕಾಸಗಲದ ಕೆಂಪು ಬೊಟ್ಟು. ಜಪಾನಿನವರು ಅದಕ್ಕೆ ತಾಂಚೋ ಎಂದು ಹೆಸರಿಟ್ಟು ತಮ್ಮ ಕೊಕ್ಕರೆಯ ನೆತ್ತಿಗೆ ಹೋಲಿಸುತ್ತಾರೆ. ಅಮ್ಮ ನೋಡಿದವಳೇ "ಮುತ್ತೈದೆ" ಅಂದಳು.

ತೊಂದರೆ ಶುರುವಾದದ್ದು ಉಪಚಾರದಿಂದ. ಈ ಮೀನುಗಳದೊಂದು ಗುಣ: ಮನುಷ್ಯರ ನೆರಳು ಬಿದ್ದರೆ ಸಾಕು, ಎಲ್ಲ ಸಾಲಾಗಿ ಬಂದು ನೀರಿನಿಂದ ಮುಖ ಮೇಲೆತ್ತಿ ಬಾಯಿ ತೆರೆಯುತ್ತವೆ. ಪಂಕ್ತಿಯಲ್ಲಿ ಕೂತು ಎಲೆ ತೊಳೆದುಕೊಂಡು ಕಾಯುವವರ ಹಾಗೆ. ತೆರೆದ ಬಾಯಿ ಅಂದರೆ ಹಸಿದ ಬಾಯಿ ಎಂದು ತಿಳಿದು ಬೆಳೆದ ಮನೆ ನಮ್ಮದು. ಸಾಕು ಅಂದವರ ಎಲೆಗೆ ಇನ್ನೊಂದು ಸೌಟು ಬಡಿಸದಿದ್ದರೆ ಬಡಿಸಿದ ಹಾಗಲ್ಲ. ಬೆಳಗ್ಗೆ ವಾಕಿಂಗ್ ಮುಗಿಸಿ ಬಂದು ನಾನೊಂದು ಹಿಡಿ ಕಾಳು ಹಾಕುತ್ತಿದ್ದೆ. ನನ್ನಾಕೆ ಪಾತ್ರೆ ತೊಳೆಯುವ ಮುಂಚೆ ಚಪಾತಿ ಚೂರು ಹಾಕುತ್ತಿದ್ದಳು. ಮೊಮ್ಮಗ ಬಂದರೆ ಬ್ರೆಡ್ಡು. ಅಮ್ಮನದು ಮೂರೂ ಹೊತ್ತು ಕಡ್ಲೆಪುರಿ. ಕೇಳಿದರೆ, "ಶೃಂಗೇರೀಲಿ ತುಂಗೆ ಮೀನಿಗೆ ಹಾಕ್ತಾರಲ್ಲ, ಅವು ಸತ್ತಿವೆಯೇನು? ಶಾರದಮ್ಮನ ಸನ್ನಿಧಾನದಲ್ಲಿ ಆನೆಮರಿ ಹಾಗೆ ಓಡಾಡ್ತವೆ" ಅನ್ನುವಳು. ಆ ಮಾತಿಗೆ ನನ್ನಲ್ಲಿ ಆಗ ಉತ್ತರ ಇರಲಿಲ್ಲ. ಉತ್ತರ ಬಹಳ ಸರಳ ಎಂದು ಆಮೇಲೆ ಗೊತ್ತಾಯಿತು. ತುಂಗೆ ಹರಿಯುತ್ತಾಳೆ, ನಮ್ಮ ತೊಟ್ಟಿ ಹರಿಯುವುದಿಲ್ಲ.

ಮೂರನೇ ಬೇಸಿಗೆಯಲ್ಲಿ ನೀರು ಹಸಿರುಗಟ್ಟಿತು. ಮೊದಮೊದಲು ಎಳೆ ಬಾಳೆಸುಳಿಯ ಬಣ್ಣ, ಆಮೇಲೆ ಪಾಲಕ್ ಸಾರಿನ ಬಣ್ಣ. ಪಂಪಿನಿಂದ ನೀರು ಬೀಳುವ ಕಡೆ ನೊರೆ ಎದ್ದು ಒಡೆಯದೆ ನಿಂತಿತು. ನಾನು ಶುಚಿಯ ಉತ್ಸಾಹದಲ್ಲಿ ಫಿಲ್ಟರಿನ ಸ್ಪಂಜನ್ನೆಲ್ಲ ನಲ್ಲಿ ನೀರಿನಲ್ಲಿ ಉಜ್ಜಿ ಉಜ್ಜಿ ಫಳಫಳ ತೊಳೆದಿಟ್ಟೆ. ನಾಲ್ಕನೇ ದಿನ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ತೇಲಿ ಗಾಳಿ ಗುಟುಕರಿಸುತ್ತಿದ್ದವು. ಎಂಟಿದ್ದದ್ದು ಏಳಾಯಿತು. ಹೋದದ್ದು ಯಾವಾಗಲೂ ಎಲ್ಲಕ್ಕಿಂತ ಮುಂದೆ ಬಂದು ಬಾಯಿ ತೆರೆಯುತ್ತಿದ್ದ ಹಳದಿ ಮೀನು. ಮಾವಿನ ಬುಡದಲ್ಲಿ ಮಣ್ಣು ಮಾಡಿ ಬಂದೆವು. ಅಮ್ಮ ಅವತ್ತು ಕಡ್ಲೆಪುರಿ ಡಬ್ಬಿ ಮುಟ್ಟಲಿಲ್ಲ. "ಹೊಟ್ಟೆ ತುಂಬ ಉಂಡೇ ಹೋಯ್ತು, ಅದೊಂದು ಸಮಾಧಾನ" ಅಂದಳು.

ಆ ಮಾತು ನಿಜಕ್ಕೂ ಎಷ್ಟು ತಪ್ಪು ಎಂದು ತಿಳಿದದ್ದು ಮುಂದಿನ ಭಾನುವಾರ. ನನ್ನ ಅಕ್ಕನ ಮಗ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಓದಿದವನು. ಫೋನಿನಲ್ಲಿ ಗೋಳು ಕೇಳಿ ನೋಡಲು ಬಂದ. ತೊಟ್ಟಿಯ ಅಂಚಿನಲ್ಲಿ ಕುಕ್ಕುರುಗಾಲಲ್ಲಿ ಕೂತು ನೀರು ಮೂಸಿದ, ಗಾಜಿನ ಕೊಳವೆಗೆ ನೀರು ತುಂಬಿ ಯಾವುದೋ ಹನಿ ಹಾಕಿದ. ಹಳದಿ ಉಳಿಯಬೇಕಿದ್ದದ್ದು ಕಡು ಹಸಿರಾಯಿತು. "ಅಮೋನಿಯಾ" ಅಂದ. ಯಾರ್‍ಯಾರು ಏನೇನು ಹಾಕುತ್ತೀರಿ ಎಂದು ಕೇಳಿದ. ಪಟ್ಟಿ ಕೇಳಿ ತಲೆ ಮೇಲೆ ಕೈ ಇಟ್ಟುಕೊಂಡ.

"ಮಾವ, ಇವಕ್ಕೆ ಹೊಟ್ಟೆಯೇ ಇಲ್ಲ."

"ಲೋ, ಹೊಟ್ಟೆ ಇಲ್ಲದೆ ದಿನಕ್ಕೆ ಅಷ್ಟು ತಿನ್ನುತ್ತವೇನೋ?" ಅಂದಳು ಅಮ್ಮ.

"ಅಜ್ಜಿ, ಅದಕ್ಕೇ ತಿನ್ನೋದು. ತುಂಬಿತು ಅನ್ನೋದಕ್ಕೆ ಚೀಲ ಇದ್ದರೆ ತಾನೇ?"

ನಾನು ಆ ರಾತ್ರಿ ಮಲಗಿಕೊಂಡು ಯೋಚಿಸಿದೆ. ಹೊಟ್ಟೆ ಇಲ್ಲದ ಜೀವವನ್ನು ಕನ್ನಡದಲ್ಲಿ ಊಹಿಸುವುದು ಬಲು ಕಷ್ಟ. ನಮ್ಮ ಸಂಸಾರವೆಲ್ಲ ಹೊಟ್ಟೆಯ ಮೇಲೇ ನಿಂತಿದೆ. ದುಡಿಯುವುದು ಹೊಟ್ಟೆಪಾಡು. ಪಕ್ಕದ ಮನೆಯವರು ಮಹಡಿ ಕಟ್ಟಿಸಿದರೆ ಹೊಟ್ಟೆಕಿಚ್ಚು. ಮಕ್ಕಳು ಹೊಟ್ಟೆಯಲ್ಲಿ ಹುಟ್ಟಿದವರು, ಅವರ ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು, ಅವರು ಹೊಟ್ಟೆ ಉರಿಸಿದರೂ ಹೊಟ್ಟೆ ತಣ್ಣಗಿರಲಿ ಎಂದು ಹರಸಬೇಕು. ಹೊಟ್ಟೆಯೇ ಇಲ್ಲದ ಈ ನೆಂಟರಿಗೆ ಹೊಟ್ಟೆಕಿಚ್ಚಿಲ್ಲ ಸರಿ, ತೃಪ್ತಿಯೂ ಇಲ್ಲವಲ್ಲ ಅನ್ನಿಸಿ ಸ್ವಲ್ಪ ಹೊಟ್ಟೆಯಲ್ಲಿ ಸಂಕಟವಾಯಿತು.

ವಿಷಯ ಇಷ್ಟು. ನಮಗಿರುವಂಥ ಜಠರ, ಅಂದರೆ ಉಂಡದ್ದನ್ನು ಒಂದಷ್ಟು ಹೊತ್ತು ಹಿಡಿದಿಟ್ಟು ಆಮ್ಲದಲ್ಲಿ ನೆನೆಹಾಕುವ ಚೀಲ, ಗೆಂಡೆ ಜಾತಿಗೆ ಇಲ್ಲ. ಅನ್ನನಾಳ ಮುಗಿದ ಕೂಡಲೇ ಕರುಳು. ಅದು ಮೈಯುದ್ದದ ಸುಮಾರು ಎರಡು ಪಟ್ಟು ಉದ್ದವಿದ್ದು ಸುತ್ತಿಕೊಂಡು ಕೂತಿರುತ್ತದೆ. ಬಾಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ. ಅಲ್ಲಿ ಮೇಲೊಂದು ಗಟ್ಟಿ ದಿಂಬು, ಕೆಳಗೆ ದವಡೆಹಲ್ಲಿನಂಥ ಹಲ್ಲು. ಒರಳಿಗೆ ಹಾಕಿದ ಹಾಗೆ ಅರೆದು ಒಳಗೆ ಕಳಿಸುತ್ತವೆ. ಅಂಗುಳಿನಲ್ಲಿ ರುಚಿ ಹಿಡಿಯುವ ಮೆತ್ತನೆ ಮಾಂಸಖಂಡ ಬೇರೆ, ಕೆಸರಿನ ಮುಕ್ಕು ತೆಗೆದುಕೊಂಡು ಅದರಲ್ಲಿ ತಿನ್ನುವುದನ್ನಷ್ಟೇ ಉಳಿಸಿ ಮಿಕ್ಕಿದ್ದನ್ನು ಉಗುಳುವುದಕ್ಕೆ. ನಮ್ಮ ಮೊರ, ಒರಳು ಎರಡೂ ಬಾಯೊಳಗೇ ಇಟ್ಟುಕೊಂಡು ಹುಟ್ಟಿವೆ ಅನ್ನಿ. ಇಲ್ಲದ್ದು ಉಗ್ರಾಣ ಮಾತ್ರ. ಕೆರೆಯ ತಳದಲ್ಲಿ ಬೆಳಗಿನಿಂದ ಸಂಜೆಯವರೆಗೆ ಮಣ್ಣು ಕೆದಕುತ್ತ ಇಷ್ಟಿಷ್ಟೇ ತಿನ್ನುತ್ತಿರಲೆಂದು ಆದ ಮೈ. ಅದಕ್ಕೆ ಒಂದೇ ಸಲ ಬಾಳೆಲೆ ಊಟ ಹಾಕಿದರೆ, ಕರುಳಿನಲ್ಲಿ ಹಿಂದಿನ ತುತ್ತನ್ನು ಮುಂದಿನ ತುತ್ತು ನೂಕುತ್ತದೆ. ಅರ್ಧಂಬರ್ಧ ಜೀರ್ಣವಾದದ್ದು ಹಾಗೇ ಹೊರಗೆ ಬಂದು ಬೀಳುತ್ತದೆ.

ಒಪ್ಪೊತ್ತು ಉಂಡವ ಯೋಗಿ, ಎರಡು ಹೊತ್ತು ಉಂಡವ ಭೋಗಿ, ಮೂರು ಹೊತ್ತು ಉಂಡವ ರೋಗಿ ಎಂದು ನಮ್ಮಲ್ಲಿ ಗಾದೆ. ಗೆಂಡೆಗೆ ಇದನ್ನು ತಿರುವಿ ಹಾಕಬೇಕು. ಐದಾರು ಹೊತ್ತು ಚಿಟಿಕೆ ಚಿಟಿಕೆ ಉಂಡದ್ದೇ ಯೋಗಿ, ಒಪ್ಪೊತ್ತಿಗೆ ಕಂಠಪೂರ್ತಿ ಉಂಡದ್ದು ರೋಗಿ.

ಸೋದರಳಿಯ ಹೋಗುವಾಗ ಒಂದು ಮಾತು ಹೇಳಿ ಹೋದ. "ಮಾವ, ಮೀನಿಗೆ ಏನು ಹಾಕಬೇಕು ಅಂತ ಯೋಚಿಸಬೇಡಿ. ನೀರಿಗೆ ಏನು ಹಾಕ್ತಿದೀನಿ ಅಂತ ಯೋಚಿಸಿ." ಮುಂದಿನ ವಾರ ನಾನು ಬೆಂಗಳೂರಿನ ಅಂಗಡಿಯ ಮುಂದೆ ನಿಂತು ಮೀನಿನ ಆಹಾರದ ಪೊಟ್ಟಣಗಳ ಬೆನ್ನು ಓದುತ್ತಿದ್ದೆ. ಮುಖದ ಮೇಲೆ ಎಲ್ಲ ಪೊಟ್ಟಣದಲ್ಲೂ ಒಂದೇ ಥರದ ಕೆಂಪು ಮೀನು ನಗುತ್ತಿರುತ್ತದೆ. ನಿಜ ಇರುವುದು ಬೆನ್ನಿಗೆ, ಸಾಲದ ಕರಾರಿನ ಹಾಗೆ ಸಣ್ಣ ಅಕ್ಷರದಲ್ಲಿ. ನನಗೆ ಅದು ಹೊಸದಲ್ಲವಲ್ಲ.

ಪ್ರೋಟೀನ್ 35%, ಕೊಬ್ಬು 5%, ನಾರು 4%, ಬೂದಿ 12%. ಬೂದಿ ಅನ್ನುವುದನ್ನು ಓದಿ ನಾನೂ ಬೆಚ್ಚಿದೆ. ಅಮ್ಮನಿಗೆ ಹೇಳಿದಾಗ, "ವಿಭೂತಿ ಹಾಕಿ ಮಾಡ್ತಾರೇನೋ?" ಅಂದಳು. ಹಾಕುವ ಬೂದಿಯಲ್ಲ, ಉಳಿಯುವ ಬೂದಿ. ಆಹಾರವನ್ನು ಪೂರ್ತಿ ಸುಟ್ಟರೆ ಕೊನೆಗೆ ಸುಡದೆ ಉಳಿಯುವ ಖನಿಜಾಂಶ. ಮೀನಿನ ಹಿಟ್ಟು ಹಾಕಿ ಮಾಡಿದ ಆಹಾರದಲ್ಲಿ ಅದು ಹೆಚ್ಚಿದ್ದರೆ, ಮೂಳೆ ಮುಳ್ಳು ಜಾಸ್ತಿ ಅರೆದಿದ್ದಾರೆ ಎಂದು ತಿಳಿಯಬೇಕು. ಮೂಳೆಯ ರಂಜಕವನ್ನು ಕರಗಿಸಲು ಆಮ್ಲ ಬೇಕು. ಆಮ್ಲ ಸುರಿಸಲು ಜಠರ ಬೇಕು. ಗೆಂಡೆಗೆ ಎರಡೂ ಇಲ್ಲ. ಹೀಗಾಗಿ ಆ ರಂಜಕದ ಬಹುಪಾಲು ಬಂದ ದಾರಿಯಲ್ಲೇ ಹೊರಗೆ ಹೋಗಿ ನೀರು ಸೇರುತ್ತದೆ. ನೀರಿನಲ್ಲಿ ಅದಕ್ಕಾಗಿ ಕಾದು ಕೂತಿರುವುದು ಪಾಚಿ. ನಮ್ಮ ಪಾಲಕ್ ಸಾರಿನ ಗುಟ್ಟು ಅದು. ದುಡ್ಡು ಕೊಟ್ಟು ಪಾಚಿಗೆ ಗೊಬ್ಬರ ತಂದು ಹಾಕಿದ್ದೆ, ನಡುವೆ ಮೀನು ಒಂದು ಕೊಳವೆಯ ಕೆಲಸ ಮಾಡಿತ್ತು, ಅಷ್ಟೇ.

ಪ್ರೋಟೀನಿನ ಲೆಕ್ಕ ಇನ್ನೂ ಸೂಕ್ಷ್ಮ. ಚೆನ್ನಾಗಿ ಜೀರ್ಣವಾಗುವ ಆಹಾರ ಕೊಟ್ಟರೆ ಹೊಲಸು ಇರುವುದಿಲ್ಲ ಎಂದು ನಾನು ನಂಬಿದ್ದೆ. ಅದು ಅರ್ಧ ಸತ್ಯ. ಕೊಳಕ್ಕೆ ಹಾಕಿದ ಪ್ರತಿ ಕಾಳಿಗೂ ನೀರಿಗಿಳಿಯಲು ಮೂರು ಬಾಗಿಲು. ತಿನ್ನದೆ ಬಿಟ್ಟದ್ದು ಹಾಗೇ ಕೊಳೆಯುತ್ತದೆ, ಅದು ಮೊದಲನೆಯದು. ತಿಂದು ಜೀರ್ಣವಾಗದ್ದು ಮಲವಾಗಿ ಬೀಳುತ್ತದೆ, ಅದು ಎರಡನೆಯದು. ಮೂರನೆಯದನ್ನು ಯಾರೂ ನೋಡುವುದಿಲ್ಲ, ಯಾಕೆಂದರೆ ಅದು ಕಿವಿರು. ಚೆನ್ನಾಗಿ ಜೀರ್ಣವಾದ ಪ್ರೋಟೀನಿನಲ್ಲಿ ಮೈ ಬೆಳೆಯಲು ಬೇಕಾದಷ್ಟು ಬಳಸಿ, ಉಳಿದದ್ದನ್ನು ಮೀನು ಸೌದೆಯಂತೆ ಉರಿಸಿ ಶಕ್ತಿ ಮಾಡಿಕೊಳ್ಳುತ್ತದೆ. ಆ ಒಲೆಯ ಹೊಗೆಯೇ ಅಮೋನಿಯಾ. ನಾವು ಮೂತ್ರದಲ್ಲಿ ಕಳೆಯುವುದನ್ನು ಅದು ಬಹುಮಟ್ಟಿಗೆ ಉಸಿರಾಡುವ ಜಾಗದಿಂದಲೇ ಕಳೆಯುತ್ತದೆ. 45% ಪ್ರೋಟೀನಿನ ದುಬಾರಿ ಆಹಾರ ಎಷ್ಟೇ ಸೊಗಸಾಗಿ ಜೀರ್ಣವಾದರೂ, ಬೆಳೆದು ನಿಂತ ಮೀನಿಗೆ ಅದು ಬೀಟೆ ಮರ ಕಡಿದು ನೀರು ಕಾಯಿಸಿದ ಹಾಗೆ. ಹಿಟ್ಟು, ಕೊಬ್ಬು ಹದವಾಗಿದ್ದರೆ ಅವನ್ನೇ ಸೌದೆ ಮಾಡಿಕೊಂಡು ಪ್ರೋಟೀನನ್ನು ಮೈಗೆ ಉಳಿಸಿಕೊಳ್ಳುತ್ತದೆ. ಗೆಂಡೆಗೆ ಬೇಯಿಸಿದ ಹಿಟ್ಟು ಚೆನ್ನಾಗಿ ಒಗ್ಗುತ್ತದೆ. ತೇಲುವ ಕಾಳುಗಳನ್ನು ಯಂತ್ರದಲ್ಲಿ ಹಬೆ, ಒತ್ತಡ ಕೊಟ್ಟು ಅರಳಿನ ಹಾಗೆ ಉಬ್ಬಿಸಿರುತ್ತಾರೆ. ಅದರಲ್ಲಿರುವ ಗೋಧಿ ಆಗಲೇ ಬೆಂದಿರುತ್ತದೆ. ತಿಂದವೋ ಬಿಟ್ಟವೋ ಕಣ್ಣಿಗೆ ಕಾಣುವುದು ಅದರ ಇನ್ನೊಂದು ಉಪಕಾರ.

ಮನೆಗೆ ಬಂದು ಹಳೆಯ ಲೆಡ್ಜರ್ ತೆಗೆದೆ. ಏಳು ಮೀನಿನ ತೂಕ ಅಂದಾಜು 5 ಕೆ.ಜಿ. ಬೆಚ್ಚಗಿನ ಕಾಲದಲ್ಲಿ ದಿನಕ್ಕೆ ಮೈತೂಕದ ನೂರಕ್ಕೆ ಒಂದೂವರೆ ಪಾಲು ಧಾರಾಳ. ಅಂದರೆ 75 ಗ್ರಾಂ. 35% ಪ್ರೋಟೀನಿನ ಆಹಾರ ಒಂದು ಕೆ.ಜಿ. ತಿಂದರೆ ಹೆಚ್ಚುಕಡಿಮೆ 30 ಗ್ರಾಂ ಅಮೋನಿಯಾ ನೀರಿಗೆ ಬರುತ್ತದೆ ಎಂದು ಮೀನು ಸಾಕಣೆಯವರ ಲೆಕ್ಕ. 75 ಗ್ರಾಮಿಗೆ ಎರಡೂಕಾಲು ಗ್ರಾಂ. 6,800 ಲೀಟರಿಗೆ ಹಂಚಿದರೆ ಲೀಟರಿಗೆ ಮೂರನೇ ಒಂದು ಮಿಲಿಗ್ರಾಂ. ಕೇಳಲು ಏನೂ ಅಲ್ಲ. ಆದರೆ ಇದು ದಿನದಿನದ ಜಮೆ, ಖರ್ಚು ಬೀಳದಿದ್ದರೆ ವಾರದಲ್ಲಿ ಏಳು ಪಟ್ಟು. ನೀರು ಬೆಚ್ಚಗಿದ್ದಷ್ಟೂ, ನಮ್ಮ ಬೋರ್‌ವೆಲ್ಲಿನ ಹಾಗೆ ಕ್ಷಾರ ಹೆಚ್ಚಿದ್ದಷ್ಟೂ ಅದರ ವಿಷ ಏರುತ್ತದೆ. ನಾವು ನಾಲ್ಕು ಜನ ಸೇರಿ ಹಾಕುತ್ತಿದ್ದದ್ದು 75 ಗ್ರಾಮೇ? ಅಮ್ಮನ ಕಡ್ಲೆಪುರಿ ಬಿಟ್ಟೇ 200 ದಾಟುತ್ತಿತ್ತು.

ಖರ್ಚು ಹಾಕುವ ಗುಮಾಸ್ತರು ಎಲ್ಲಿದ್ದರು ಅಂದರೆ ನಾನು ಫಳಫಳ ತೊಳೆದ ಸ್ಪಂಜಿನಲ್ಲಿ. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಅಲ್ಲಿ ಮನೆ ಮಾಡಿಕೊಂಡು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಬೇರೆ ಕೆಲವು ಅದನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುತ್ತವೆ. ಅವು ನೆಲೆಯೂರಲು ಒಂದು, ಒಂದೂವರೆ ತಿಂಗಳು ಬೇಕು. ನಲ್ಲಿ ನೀರಿನ ಕ್ಲೋರಿನ್ನಿಗೆ ಸಾಯಲು ಹೆಚ್ಚು ಹೊತ್ತು ಬೇಡ. ಮೀನಿಗೆ ಇಲ್ಲದ ಹೊಟ್ಟೆ ಆ ಕಂದು ಲೋಳೆಯ ಸ್ಪಂಜಿನಲ್ಲಿತ್ತು. ಮೂರು ವರ್ಷ ಸದ್ದಿಲ್ಲದೆ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡಿತ್ತು. ನಾನು ಅದನ್ನು ಕೊಳೆ ಎಂದು ತಿಳಿದು ಉಜ್ಜಿ ಚರಂಡಿಗೆ ಬಿಟ್ಟೆ. ಈಗ ತೊಟ್ಟಿಯದೇ ನೀರನ್ನು ಬಕೆಟ್ಟಿಗೆ ತೆಗೆದು, ಅದರಲ್ಲಿ ಒಂದೆರಡು ಸಲ ಅದ್ದಿ ಹಿಂಡಿ ಇಟ್ಟುಬಿಡುತ್ತೇನೆ. ಆ ಬಕೆಟ್ಟಿನ ನೀರು, ವಾರಕ್ಕೊಮ್ಮೆ ತೊಟ್ಟಿಯಿಂದ ತೆಗೆಯುವ ನೀರು ಎರಡೂ ಮಲ್ಲಿಗೆ ಬಳ್ಳಿಗೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರಲ್ಲ, ನಮ್ಮ ಹಿತ್ತಿಲಲ್ಲಿ ಹೊಟ್ಟೆಯೇ ಇಲ್ಲದ ಕಾರಣ ಹಿಟ್ಟೇ ಮಲ್ಲಿಗೆಯಾಗಿ ಅಮ್ಮನ ದೇವರ ತಲೆಯೇರುತ್ತದೆ.

ಇಷ್ಟು ತಿಳಿದ ಮೇಲೆ ಬುದ್ಧಿವಂತನಾಗಬೇಕಿತ್ತು. ಅತಿಬುದ್ಧಿವಂತನಾದೆ. ಜಪಾನಿನಲ್ಲಿ ಹಿಂದೆ ಕೊಯ್‌ಗಳಿಗೆ ರೇಷ್ಮೆಹುಳದ ಕೋಶ ತಿನ್ನಿಸುತ್ತಿದ್ದರು ಎಂದು ಓದಿದ್ದೆ. ರೇಷ್ಮೆ ಅಂದ ಮೇಲೆ ನಮಗೇನು ಬರವೇ? ಬೆಂಗಳೂರು ಮೈಸೂರು ದಾರಿಯಲ್ಲೇ ರಾಮನಗರ. ಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಒಳಗೆ ಉಳಿಯುವ ಹುಳ ಅಲ್ಲಿ ರಾಶಿ ರಾಶಿ. ಕೋಳಿಗೂ ಮೀನಿಗೂ ಮೇವಾಗಿ ಹೋಗುತ್ತದೆ. ಒಬ್ಬ ರೀಲರ್ ಹತ್ತಿರ ಒಣಗಿಸಿದ್ದನ್ನು ಐದು ಕೆ.ಜಿ. ಕಟ್ಟಿಸಿಕೊಂಡು ಬಂದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮೈಸೂರಿನವರೆಗೂ ಖಾಲಿಯಿತ್ತು.

ಅಮ್ಮ ಬಾಗಿಲಲ್ಲೇ ತಡೆದಳು. "ಇದೇನೋ ಈ ನಾತ?" ಹೇಳಿದೆ. "ಹುಳವೇ? ಸತ್ತ ಹುಳ ತಂದು ಇನ್ನೊಂದು ಜೀವಕ್ಕೆ ಹಾಕೋದೇ? ನಮ್ಮನೇಲಿ ಇಂಥದ್ದು ಯಾವತ್ತಾದರೂ ನಡೆದಿತ್ತೇ?" ಅವತ್ತು ಶುಕ್ರವಾರ. ಅಮ್ಮ ಗುಡಿಗೆ ಹೊರಟು ನಿಂತಿದ್ದಳು. ನಾನು ಹೇಳಬಾರದಿತ್ತು, ಬಾಯಿ ತಪ್ಪಿ ಹೇಳಿದೆ: "ನೀನು ಉಟ್ಟಿರೋ ಸೀರೆಯಿಂದ ಉಳಿದದ್ದಮ್ಮ ಇದು." ಅಮ್ಮ ಸೆರಗನ್ನು ಕೈಯಲ್ಲಿ ಹಿಡಿದು ನೋಡಿದಳು. ಮೈಸೂರು ಸಿಲ್ಕು, ಅಪ್ಪ ಷಷ್ಟಿಪೂರ್ತಿಗೆ ತಂದದ್ದು. ಏನೂ ಅನ್ನದೆ ಚಪ್ಪಲಿ ಮೆಟ್ಟಿಕೊಂಡು ಹೋದಳು. ವಾಪಸು ಬಂದ ಮೇಲೂ ಆ ವಿಷಯ ಎತ್ತಲಿಲ್ಲ. ಗೆದ್ದೆ ಅನ್ನಿಸುವ ಬದಲು, ಎಂಬತ್ತನಾಲ್ಕರ ಮುದುಕಿಗೆ ಹೇಳುವ ಮಾತೇ ಅದು ಅನ್ನಿಸಿ ರಾತ್ರಿಯಿಡೀ ಹೊರಳಾಡಿದೆ.

ಮೀನುಗಳೋ, ಹುಳ ಬಿದ್ದ ಕಡೆ ನೀರೇ ಕುದಿಯುವ ಹಾಗೆ ಮುತ್ತಿದವು. ಅಷ್ಟು ರುಚಿ ಅದು. ಅರ್ಧಕ್ಕಿಂತ ಹೆಚ್ಚು ಪ್ರೋಟೀನ್, ಕಾಲು ಭಾಗದಷ್ಟು ಕೊಬ್ಬು. ಕೊಬ್ಬೇ ಅದರ ಗುಣ, ಅದೇ ಅದರ ದೋಷ. ತಗಡಿನ ಡಬ್ಬಿಯಲ್ಲಿ ಕಾಂಪೌಂಡಿನ ಪಕ್ಕ ಇಟ್ಟದ್ದು ತಿಂಗಳೊಳಗೆ ಕಮಟು ಹಿಡಿಯಿತು. ಹಳೆಯ ಕೊಬ್ಬರಿ ಎಣ್ಣೆಯಂಥ ವಾಸನೆ. ಮೀನುಗಳು ಆಗಲೂ ಬೇಡ ಅನ್ನಲಿಲ್ಲ. ಪುಣ್ಯಕ್ಕೆ ಸೋದರಳಿಯ ಫೋನಿನಲ್ಲಿ ಸಿಕ್ಕ. "ಮಾವ, ಕೂಡಲೇ ಎಸೆಯಿರಿ" ಅಂದ. ಜಪಾನಿನಲ್ಲೇ ಹಿಂದೆ ಹೀಗೆ ಕಮಟು ಹಿಡಿದ ಕೋಶ ತಿಂದ ಗೆಂಡೆಗಳಿಗೆ ಬೆನ್ನಿನ ಮಾಂಸ ಕರಗಿ ಮೈ ಕತ್ತಿಯಂತಾಗುವ ರೋಗ ಬಂದಿತ್ತಂತೆ. ಸೆಕೋಕೆ ಎಂದು ಅದರ ಹೆಸರು, ಬೆನ್ನು ಬಡವಾಗುವುದು ಅನ್ನುವ ಅರ್ಥದಲ್ಲಿ. ಪರೀಕ್ಷೆ ಮಾಡಿದರೆ ಆ ಮೀನುಗಳಿಗೆ ನಮ್ಮ ಸಕ್ಕರೆ ಕಾಯಿಲೆಯನ್ನು ಹೋಲುವ ಲಕ್ಷಣ. ಹೊಟ್ಟೆ ಇಲ್ಲದಿದ್ದರೂ ಸಕ್ಕರೆ ಕಾಯಿಲೆ ಬರಬಹುದು ಎಂದು ಕೇಳಿ, ಇಪ್ಪತ್ತು ವರ್ಷದಿಂದ ಮಾತ್ರೆ ನುಂಗುತ್ತಿರುವ ಅಮ್ಮ ಮೊದಲ ಸಲ ನೆಂಟರ ಕಡೆ ನಿಜವಾದ ಬಳಗದ ಕಣ್ಣಿನಿಂದ ನೋಡಿದಳು. ಹುಳವನ್ನೆಲ್ಲ ಗುಂಡಿ ತೋಡಿ ತೆಂಗಿನ ಬುಡಕ್ಕೆ ಹಾಕಿದೆ.

ಅಲ್ಲಿಂದ ಮುಂದೆ ಅತಿಯನ್ನೆಲ್ಲ ಬಿಟ್ಟೆ. ಹತ್ತು ಕೆ.ಜಿ. ಚೀಲ ತಂದರೆ ಕೆ.ಜಿ.ಗೆ ನೂರು ರೂಪಾಯಿ ಉಳಿಯುತ್ತದೆ ಅನ್ನುವ ಕ್ಯಾಷಿಯರ್ ಬುದ್ಧಿಯನ್ನೂ ಬಿಟ್ಟೆ. ಮಳೆಗಾಲದಲ್ಲಿ ತೆರೆದ ಚೀಲ ಮುಗ್ಗುತ್ತದೆ, ಬೂಷ್ಟು ಹಿಡಿದ ಆಹಾರ ವಿಷ, ಮೀನಿಗೆ ಬೇಕೇ ಬೇಕಾದ ಸಿ ಜೀವಸತ್ವ ಗಾಳಿಗೆ ತೆರೆದಿಟ್ಟಷ್ಟೂ ಇಳಿಯುತ್ತದೆ. ಎರಡು ತಿಂಗಳಿಗಾಗುವಷ್ಟು ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿ ನೆರಳಿಗಿಡುತ್ತೇನೆ. ಹೊಸ ಪೊಟ್ಟಣ ತಂದ ದಿನ ನಾಲ್ಕು ಕಾಳನ್ನು ಗಾಜಿನ ಲೋಟದ ನೀರಿಗೆ ಹಾಕಿ, ಕಾಫಿ ಕುಡಿದು ಮುಗಿಸುವವರೆಗೆ ನೋಡುತ್ತೇನೆ. ಒಳ್ಳೆಯದಾದರೆ ಆಕಾರ ಬಿಡದೆ ಮೆತ್ತಗಾಗುತ್ತದೆ. ಕಳಪೆಯದು ಒಡೆದು ಲೋಟವನ್ನೇ ಅಕ್ಕಚ್ಚು ಮಾಡುತ್ತದೆ. ಒಡೆಯುವ ಕಾಳನ್ನು ಮೀನು ಗಂಟಲಲ್ಲಿ ಅರೆಯುವಾಗ ಅರ್ಧ ಪುಡಿ ಕಿವಿರಿನಿಂದ ಹೊರಗೆ ಹೋಗುತ್ತದೆ. ತಿಂದ ಹಾಗೂ ಆಗಲಿಲ್ಲ, ಬಿಟ್ಟ ಹಾಗೂ ಆಗಲಿಲ್ಲ. ಕೆಂಪೇರಿಸುತ್ತೇವೆ ಎಂದು ಸ್ಪಿರುಲಿನಾ ಪಾಚಿ ಸುರಿದ ಆಹಾರವನ್ನು ವರ್ಷವಿಡೀ ಹಾಕಿದರೆ ಮುತ್ತೈದೆಯ ಬಿಳಿ ಮೈಗೂ ಅರಿಸಿನ ಹತ್ತುವ ಭಯ. ಅದನ್ನು ಹಬ್ಬಕ್ಕೆ ಮಾತ್ರ ಇಟ್ಟುಕೊಂಡಿದ್ದೇನೆ.

ಮೀನಿನ ಒಲೆ ಅದರ ಮೈಯಲ್ಲಿಲ್ಲ, ನೀರಿನಲ್ಲಿದೆ. ನೀರು ಬೆಚ್ಚಗಿದ್ದರೆ ಜೀರ್ಣವೂ ಚುರುಕು, ತಣ್ಣಗಾದರೆ ಮಂದ. ನೀಗಾಟದ ಚಳಿಯಲ್ಲಿ ನೀರು 10 ಡಿಗ್ರಿಗಿಂತ ಕೆಳಗಿಳಿದಾಗ ಆಹಾರ ನಿಲ್ಲಿಸಿಯೇ ಬಿಡುತ್ತಾರೆ. ಕರುಳಿನಲ್ಲಿ ಬಿದ್ದದ್ದು ಅಲ್ಲೇ ಕೊಳೆಯಬಾರದಲ್ಲ. ಅದಕ್ಕೆ ಮುಂಚಿನ, ಆಮೇಲಿನ ವಾರಗಳಲ್ಲಿ ಕೊಡುವುದು ಗೋಧಿಕಾಳಿನ ಮೊಳಕೆಯ ಭಾಗ ಬೆರೆಸಿದ ಹಗುರ ಆಹಾರ, ಪ್ರೋಟೀನ್ ಕಡಿಮೆಯದು. ಮೈಸೂರಿನಲ್ಲಿ ಆ ಪರಿಯ ಚಳಿ ಎಲ್ಲಿ ಬರಬೇಕು? ಆದರೂ ಧನುರ್ಮಾಸದ ಬೆಳಗ್ಗೆ ತೊಟ್ಟಿಗೆ ಥರ್ಮಾಮೀಟರ್ ಇಳಿಬಿಟ್ಟರೆ 19 ತೋರಿಸುತ್ತದೆ. ಆಗ ಗೋಧಿಯ ಆಹಾರ, ಅದೂ ಬಿಸಿಲೇರಿದ ಮೇಲೆ. ಅಮ್ಮ ಹುಗ್ಗಿ ನೈವೇದ್ಯ ಮಾಡುವ ತಿಂಗಳಲ್ಲಿ ಮೀನಿಗೆ ಪಥ್ಯ. ಬೇಸಿಗೆಯಲ್ಲಿ 27, 28 ಆದಾಗ 35% ಪ್ರೋಟೀನಿನದು. ವರ್ಷವಿಡೀ ಸಂಜೆ ಐದರ ಮೇಲೆ ಏನೂ ಇಲ್ಲ. ಉಂಡ ಮೀನಿಗೆ ಉಸಿರು ಹೆಚ್ಚು ಬೇಕು, ರಾತ್ರಿ ಪಾಚಿಯೂ ನೀರಿನ ಆಮ್ಲಜನಕವನ್ನೇ ಎಳೆಯುತ್ತದೆ. ಹಳದಿ ಮೀನು ಬೆಳಗಿನ ಜಾವವೇ ಹೋದದ್ದು ಸುಮ್ಮನೆ ಅಲ್ಲ.

ಬಡಿಸುವ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂತು. ನಾಲ್ಕು ಕೈ ಒಂದಾಗಬೇಕಿತ್ತು. ಅಮ್ಮನಿಗೇ ವಹಿಸಿದೆ. ನನ್ನಾಕೆ "ರೀ, ಕುರಿ ಕಾಯೋಕೆ ತೋಳ ಇಟ್ಟ ಹಾಗಾಯ್ತು" ಅಂದಳು. ಆದರೆ ನಾನು ಒಂದು ವಿಷಯ ಗಮನಿಸಿದ್ದೆ. ಸಕ್ಕರೆ ಡಾಕ್ಟರು ಅಮ್ಮನಿಗೂ ಅದೇ ಹೇಳಿದ್ದರು: ಒಂದೇ ಸಲ ತಟ್ಟೆ ತುಂಬ ಉಣ್ಣಬೇಡಿ, ಸ್ವಲ್ಪ ಸ್ವಲ್ಪ, ಐದು ಸಲ, ರಾತ್ರಿ ಬೇಗ. ಬೆಳಗ್ಗೆ ನಾನೇ ತಕ್ಕಡಿಯಲ್ಲಿ ತೂಗಿ, ಐದು ಸಣ್ಣ ಕುಂಕುಮದ ಭರಣಿಗಳಲ್ಲಿ 15 ಗ್ರಾಂನಂತೆ ತುಂಬಿ ಕಿಟಕಿಯ ಹೊರಗೆ ಸಾಲಾಗಿ ಇಟ್ಟುಬಿಡುತ್ತೇನೆ. ಮೀನಿನ ಹಿಟ್ಟು ಸೇರಿದ್ದರಿಂದ ಒಳಗೆ ತರುವ ಹಾಗಿಲ್ಲ. ಅಮ್ಮ ತನ್ನ ಮಾತ್ರೆ, ತನ್ನ ಅರ್ಧ ದೋಸೆ, ತನ್ನ ಮಜ್ಜಿಗೆಯ ಜೊತೆ ಜೊತೆಗೇ ಒಂದೊಂದು ಭರಣಿ ಖಾಲಿ ಮಾಡುತ್ತಾಳೆ. ಐದು ನಿಮಿಷದಲ್ಲಿ ತಿಂದು ಮುಗಿಯದ್ದನ್ನು ಸಣ್ಣ ಬಲೆಯಲ್ಲಿ ಎತ್ತುತ್ತಾಳೆ. ಮೀನುಗಳು ಮತ್ತೆ ಬಾಯಿ ತೆರೆದರೆ, "ನನಗೂ ಇನ್ನೊಂದು ದೋಸೆ ಬೇಕು ಅನ್ನಿಸುತ್ತೆ, ಏನು ಮಾಡೋದು?" ಎಂದು ಅವಕ್ಕೇ ಹೇಳುತ್ತಾಳೆ. ಎರಡು ತಿಂಗಳಲ್ಲಿ ನೀರು ತಿಳಿಯಾಯಿತು. ಕೊಳವೆಗೆ ಹನಿ ಹಾಕಿದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ. ತಳದ ಸಿಮೆಂಟಿನ ಮೇಲೆ ಮೇಸ್ತ್ರಿ ಮೂವತ್ತು ವರ್ಷದ ಹಿಂದೆ ಕರಣೆಯಲ್ಲಿ ಎಳೆದ ಗೆರೆ ಕಾಣುತ್ತದೆ.

ವಾರಕ್ಕೊಂದು ದಿನ ಉಪವಾಸ ಇಟ್ಟರೂ ಒಳ್ಳೆಯದು, ಕರುಳು ಖಾಲಿಯಾಗುತ್ತದೆ, ಫಿಲ್ಟರಿಗೂ ಬಿಡುವು ಎಂದು ಸೋದರಳಿಯ ಹೇಳಿದ್ದ. ವಾರ ಯಾವುದೆಂದು ಗೊತ್ತುಮಾಡುವ ಗೋಜಿಗೆ ಅಮ್ಮ ಹೋಗಲಿಲ್ಲ. ಪಂಚಾಂಗದಲ್ಲೇ ಇದೆಯಲ್ಲ. ಹದಿನೈದು ದಿನಕ್ಕೊಮ್ಮೆಯಾದರೂ ಸರಿ, ಏಕಾದಶಿಯ ದಿನ ಭರಣಿ ತುಂಬುವಂತಿಲ್ಲ.

ಮೊನ್ನೆಯ ಏಕಾದಶಿ ನಡು ಬೇಸಿಗೆಯಲ್ಲಿ ಬಂತು. ಮೀನುಗಳು ಬೆಳಗಿನಿಂದ ಅಂಚಿಗೆ ಬಂದು ಕಾದು, ಹಿಂದೆ ಹೋಗಿ, ಮತ್ತೆ ಬಂದು ಕಾದವು. ಅಮ್ಮ ಬೆನ್ನು ತಿರುಗಿಸಿ ಕಲ್ಲುಬೆಂಚಿನ ಮೇಲೆ ಜಪ ಮಾಡುತ್ತಿದ್ದಳು. ಮಧ್ಯಾಹ್ನ ನನ್ನಾಕೆ ಅವಳಿಗೆ ಫಲಾಹಾರಕ್ಕೆಂದು ಕಲ್ಲಂಗಡಿ ಹೆಚ್ಚಿ ತಂದುಕೊಟ್ಟಳು. ಸಕ್ಕರೆಯವರಿಗೆ ಎರಡೇ ಹೋಳು. ಅಮ್ಮ ಒಂದನ್ನು ತಿಂದಳು. ಇನ್ನೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದಳು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಬೀಜಗಳನ್ನು ಒಂದೊಂದಾಗಿ ಉಗುರಿನಿಂದ ಬಿಡಿಸಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, ಕೂಗಿ ಕೇಳಿದಳು:

"ಲೋ, ಇದರಲ್ಲಿ ಪ್ರೋಟೀನ್ ಎಷ್ಟೋ?"

"ಏನೂ ಇಲ್ಲ ಅನ್ನಬಹುದಮ್ಮ. ಬರೀ ನೀರು."

"ಹಾಗಾದ್ರೆ ಉಪವಾಸ ಕೆಡಲ್ಲ" ಅಂದು ಬಗ್ಗಿ ಹೋಳನ್ನು ನೀರಿನ ಮೇಲೆ ತೇಲಿಬಿಟ್ಟಳು. ಮುತ್ತೈದೆ ಮೊದಲು ಬಂದಿತು.